ಹತ್ತೊಂಬತ್ತು ಮೂಟೆ ಶುಂಠಿ

ಮೊದಲ ಪುಟ
(ಖಾಲಿ ಬಿಟ್ಟಿದ್ದೆ. ತುಂಬಿಸಿದ್ದು ಮಾರ್ಚ್ ೩ರಂದು.)

ಈ ಇಡೀ ಪ್ರಕರಣಕ್ಕೆ ತಗುಲಿದ ಖರ್ಚು: ಹೊಸ ಬೀಗ ಮೂರು. ನೆಲಕ್ಕೆ ಚೆಲ್ಲಿದ ಹಿಟ್ಟು ಎರಡು ಕಿಲೊ. ಗೋಡೆಗೆ ಬಡಿದ ಚಹಾ ಲೋಟ ಒಂದು. ಬಾಡಿಗೆ ಕಾರು ಅರ್ಧ ದಿನ. ಡ್ರೈವರ್ ಪೂರ್ತಿ ದಿನದ್ದೇ ವಸೂಲಿ ಮಾಡಿದ. ಡಾಕ್ಟರಿಗೆ ಒಂದು ಸಲದ ಫೀಸು; ಅವರು ಆಡಿದ್ದು ನಾಲ್ಕೇ ಮಾತು, ಒಂದೊಂದು ಮಾತಿಗೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿ ಹೊಟ್ಟೆ ಉರಿಸಿಕೊಂಡೆ. ಬೈಕು ಒಂದು, ನನ್ನದಲ್ಲ. ನಾದಿನಿ ನನ್ನ ಜೊತೆ ಮಾತು ಬಿಟ್ಟದ್ದು ಹದಿನೈದು ದಿನ. ಇದನ್ನು ಖರ್ಚಿಗೆ ಹಾಕಬೇಕೋ ಜಮೆಗೋ ಇನ್ನೂ ತೀರ್ಮಾನಿಸಿಲ್ಲ. ಶುಂಠಿ ಹತ್ತೊಂಬತ್ತು ಮೂಟೆ.

ಮುಂದಿನದೆಲ್ಲ ಆಯಾ ದಿನ ಬರೆದಂತೆಯೇ ಇದೆ. ಒಂದಕ್ಷರ ತಿದ್ದಿಲ್ಲ. ಕೈ ತುರಿಸಿದ್ದು ನಿಜ.

ಜನವರಿ ೧೨

ಒಂಬತ್ತು ದಿನದ ನೆಗಡಿ, ಜ್ವರ ಮುಗಿಸಿ ಇವತ್ತು ಎದ್ದೆ. ಮಲಗಿದ್ದಾಗ ಬಂದ ಯೋಚನೆಗಳನ್ನು ಮಂಡಿಯ ಲೆಕ್ಕದ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಅದು ಷಡ್ಡಕನ ಕೈಗೂ ಸಿಗುತ್ತದೆ. ಹಾಗಾಗಿ ಈ ಬೇರೆ ಪುಸ್ತಕ.

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಏಳು ವರ್ಷದಿಂದ ನನ್ನ ಶುಂಠಿ ಮಂಡಿಯ ಗೋದಾಮು ನೋಡಿಕೊಳ್ಳುತ್ತಾನೆ. ಮಾತು ಕಡಿಮೆ. ಮಾತು ಕಡಿಮೆ ಇರುವವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಆಡಬೇಕಾದ್ದನ್ನೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿರುತ್ತಾರೆ?

ಬೆಳಿಗ್ಗೆ ಹೆಂಡತಿ ಚಹಾ ಕೊಟ್ಟಳು. ನಾಲಿಗೆ ಚುರ್ ಎಂದಿತು, ಆದರೆ ಶುಂಠಿ ಇರಲಿಲ್ಲ.

“ಶುಂಠಿ ಹಾಕ್ಲಿಲ್ವಾ?”

“ಇಷ್ಟುದ್ದ ಜಜ್ಜಿ ಹಾಕಿದ್ದೀನಿ. ಗಂಟಲಿಗೆ ಹತ್ತಲ್ವಾ?”

ಗಂಟಲಿಗೆ ಹತ್ತುತ್ತದೆ, ಶುಂಠಿ ಮಾತ್ರ ಇಲ್ಲ. ಮೆಣಸಿನ ಪುಡಿ ಹಾಕಿ ಶುಂಠಿ ಎನ್ನುತ್ತಿದ್ದಾಳೆ. ಶುಂಠಿ ಮಂಡಿಯವನ ಮನೆಯಲ್ಲೇ! ಹಾಗಾದರೆ ಮನೆಗೆ ಬಂದ ಶುಂಠಿ ಎಲ್ಲಿಗೆ ಹೋಗುತ್ತಿದೆ? ತಂಗಿಯ ಮನೆ ಹಿತ್ತಲ ಆ ಕಡೆಗೇ ಇದೆ. ಮೂವತ್ತು ಹೆಜ್ಜೆ.

ಜನವರಿ ೧೩

ಮಂಡಿಗೆ ಹೋದೆ. ನಾನು ಮಲಗಿದಷ್ಟು ದಿನವೂ ಷಡ್ಡಕ ಖರೀದಿ ನಿಲ್ಲಿಸಿದ್ದನಂತೆ. ನಿಲ್ಲಿಸದೆ ಇನ್ನೇನು? ಮೂಟೆಗೆ ಮೂಗಿಟ್ಟು ನೋಡುವವನು ನಾನು. ಶುಂಠಿಯ ಕೊಳೆ ಮೊದಲು ಮೂಗಿಗೆ ಸಿಗುತ್ತದೆ, ಎರಡು ದಿನ ಬಿಟ್ಟು ಕೈಗೆ, ನಾಲ್ಕು ದಿನ ಬಿಟ್ಟು ಕಣ್ಣಿಗೆ. ಕಣ್ಣಿಗೆ ಬೀಳುವ ಹೊತ್ತಿಗೆ ಅದು ಅಕ್ಕಪಕ್ಕದ ಹತ್ತು ಮೂಟೆಗೆ ದಾಟಿರುತ್ತದೆ. ಆದ್ದರಿಂದ ನನ್ನ ಮಂಡಿಯಲ್ಲಿ ಒಂದೇ ಕ್ರಮ: ಮೂಟೆಯ ಬಾಯಿ ಬಿಚ್ಚಿಸು, ಶುಂಠಿಯ ಒಂದು ಬೆರಳು ಮುರಿ, ಮೂಗಿಗೆ ಹಿಡಿ, ಒಳ್ಳೆಯದಾದರೆ ಕೆಂಪು ದಾರ ಕಟ್ಟು. ತಲೆ ಮೇಲೆ ಮೂಟೆ ಹೊತ್ತು ಈ ಪೇಟೆಗೆ ಬಂದವನು ನಾನು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೆಂಪು ದಾರ ಬಿಚ್ಚಿ ಕೊಳೆ ಕಂಡವರಿಲ್ಲ. ಯಾವ ಹೊಲದ್ದು, ಯಾವ ವಾರ ಕಿತ್ತದ್ದು ಎಂಬುದನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಇವತ್ತು ನಲವತ್ತು ಮೂಟೆ ನೋಡಿದೆ. ಯಾವುದರಲ್ಲೂ ಕೆಟ್ಟ ವಾಸನೆ ಇರಲಿಲ್ಲ. ನಲವತ್ತಕ್ಕೂ ದಾರ ಕಟ್ಟಿದೆ.

ಷಡ್ಡಕ ನಡುವೆ ಬಂದು, “ಅಣ್ಣ, ಆ ಮೂಲೆಯ ಎರಡು ಮೂಟೆ ಇನ್ನೊಂದ್ಸಲ ನೋಡ್ತೀರಾ?” ಎಂದ.

“ಯಾಕಪ್ಪಾ? ಒಂಬತ್ತು ದಿನದಲ್ಲಿ ನಿನಗೂ ಮೂಗು ಬಂತಾ?”

“ಹಾಗಲ್ಲ ಅಣ್ಣ...”

“ದಾರ ಕಟ್ಟೋನು ನಾನು. ಎತ್ತಿ ಇಡೋನು ನೀನು. ನನ್ನ ಮೂಗಿಗೆ ಪಾಠ ಹೇಳೋಕೆ ಬಂದ್ರೆ ನೀನೂ ಬೇಡ, ನಿನ್ನ ಕೆಲಸಾನೂ ಬೇಡ.”

ತಲೆ ತಗ್ಗಿಸಿ ಹೋದ. ಹಮಾಲಿಗಳ ಎದುರಿಗೇ ಹೇಳಿದ್ದು ಒಳ್ಳೆಯದಾಯಿತು.

ಜನವರಿ ೧೭

ಎರಡು ಮೂಟೆ ಕಡಿಮೆ. ಮೂಲೆಯಲ್ಲಿದ್ದವು. ಅವನು ಬೆರಳು ತೋರಿಸಿದ್ದವೇ! ಆವತ್ತೇ ಗುರುತು ಮಾಡಿಕೊಂಡಿದ್ದಾನೆ.

ಇನ್ನೊಂದು ವಿಷಯ. ದಿನಕ್ಕೆ ಮೂರು ಸಲ ಗೋದಾಮಿನ ನೆಲಕ್ಕೆ ಫಿನಾಯಿಲ್ ಹಾಕಿ ತೊಳೆಸುತ್ತಿದ್ದಾನೆ. ಕೇಳಿದರೆ “ಕ್ಲೀನಾಗಿರ್ಲಿ ಅಂತ” ಎನ್ನುತ್ತಾನೆ. ಏಳು ವರ್ಷ ಇಲ್ಲದ ಕ್ಲೀನು. ಎಳೆದ ಗುರುತು ಅಳಿಸುವುದಕ್ಕಲ್ಲದೆ ಮತ್ತೇನು? ಆ ಫಿನಾಯಿಲಿನಲ್ಲೂ ಮೋಸ, ಪೂರ್ತಿ ನೀರು. ಬಾಟಲಿಗೆ ಮೂಗಿಟ್ಟು ನೋಡಿದೆ, ಏನೂ ಇಲ್ಲ. ಅಂಗಡಿಯವನೂ ಇವನ ಪಾಲುದಾರನಿರಬೇಕು.

ಬೀಗ ಬದಲಿಸಿದೆ.

ಜನವರಿ ೧೮

ಬೆಳಿಗ್ಗೆ ಷಡ್ಡಕ ಹೊಸ ಕೀಲಿ ಕೇಳಿದ. ಕೊಡದಿದ್ದರೆ ಅನುಮಾನ ಬರುತ್ತದೆ. ಕೊಟ್ಟೆ.

ಜನವರಿ ೧೯

ಒಂದು ಸಂತೋಷದ ವಿಷಯ. ಎದ್ದು ಬಂದಾಗಿನಿಂದ ಬೆಳೆಗಾರರು ನನ್ನ ಮಂಡಿಗೇ ಮುಗಿಬೀಳುತ್ತಿದ್ದಾರೆ. ಮೊದಲೆಲ್ಲ ‘ಆ ಮೂಗಿನವನ ಹತ್ತಿರ ಬೇಡ ಮಾರಾಯ’ ಎಂದು ಎದುರಿನ ಸಾಲಿಗೆ ಹೋಗುತ್ತಿದ್ದ ಉದ್ದಕೈ ಕೂಡ ಹದಿನೈದು ಮೂಟೆ ತಂದಿಳಿಸಿದ. ಉದ್ದಕೈ ಎನ್ನುವುದು ಪೇಟೆ ಇಟ್ಟ ಹೆಸರು. ಅವನ ತೋಳಿಗೂ ಆ ಹೆಸರಿಗೂ ಸಂಬಂಧವಿಲ್ಲ.

“ಏನಪ್ಪಾ, ದಾರಿ ತಪ್ಪಿ ಬಂದ್ಯಾ?” ಎಂದೆ.

“ಇಲ್ಲ ಧಣಿ. ನಿಮ್ಮ ಹಾಗೆ ನ್ಯಾಯವಾಗಿ ನೋಡೋರು ಯಾರಿದ್ದಾರೆ ಈಗ?” ಎಂದು ಹಲ್ಲು ಬಿಟ್ಟ.

ಜ್ವರದಲ್ಲಿ ಮನುಷ್ಯ ಕಣ್ಮರೆಯಾದಾಗ ಅವನ ಬೆಲೆ ಜನಕ್ಕೆ ತಿಳಿಯುತ್ತದೆ. ಹದಿನೈದಕ್ಕೂ ದಾರ ಕಟ್ಟಿದೆ.

ಜನವರಿ ೨೪

ಅಡುಗೆಮನೆಯಲ್ಲಿ ಒಲೆಯ ಪಕ್ಕದಲ್ಲೇ ಕೂತು ಲೆಕ್ಕ ನೋಡುತ್ತಿದ್ದೆ. ಹೆಂಡತಿ ಹೊರಗಿನಿಂದ ಓಡಿ ಬಂದು ಒಲೆ ಆರಿಸಿದಳು. ಪಾತ್ರೆಯ ತಳ ಇದ್ದಿಲಾಗಿತ್ತು.

“ಪಕ್ಕದಲ್ಲೇ ಕೂತಿದ್ದೀರಿ, ಹಾಲು ಸೀದು ಬೀದಿಗೆಲ್ಲ ನಾತ ಬರ್ತಿದೆ. ಗೊತ್ತಾಗ್ಲಿಲ್ವಾ?”

“ಲೆಕ್ಕದಲ್ಲಿದ್ದೆ.”

ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಪಾತ್ರೆ ತೊಳೆಯಲಿಲ್ಲ, ಹಿತ್ತಲು ದಾಟಿ ತಂಗಿಯ ಮನೆಗೆ ಹೋದಳು. ಸೀದ ಹಾಲಿನ ಸುದ್ದಿ ಹೇಳುವುದಕ್ಕೆ ಒಂದು ಗಂಟೆ ಬೇಕೆ?

ಮೂವರೂ ಒಂದಾಗಿದ್ದಾರೆ.

ಜನವರಿ ೩೧

ಒಟ್ಟು ಒಂಬತ್ತು ಮೂಟೆ ಕಾಣೆ.

ಗೋದಾಮಿನ ಹಿಂಬಾಗಿಲಿನ ಒಳಗೆ ಸಣ್ಣಗೆ ಹಿಟ್ಟು ಚೆಲ್ಲಿ ಬಂದಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನೋಡಿದೆ. ಹಿಟ್ಟಿನ ಮೇಲಿದ್ದದ್ದು ನನ್ನ ಚಪ್ಪಲಿಯ ಗುರುತು. ಅಂದರೆ ನನ್ನ ಚಪ್ಪಲಿ ಹಾಕಿಕೊಂಡು ಬಂದಿದ್ದಾನೆ. ಎಂಥ ತಲೆ!

(ಹಿಟ್ಟು ಚೆಲ್ಲಿ ನಾನೇ ಅದರ ಮೇಲೆ ನಡೆದು ಹೊರಗೆ ಬಂದಿರಬಹುದು ಎಂದು ಮಧ್ಯಾಹ್ನ ಊಟ ಮಾಡುವಾಗ ಹೊಳೆಯಿತು. ಖಚಿತವಿಲ್ಲ.)

ಈಗ ಗೋದಾಮಿನಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಾನೆ. ಕಳ್ಳನ ವೇಷ ತಾನೇ ತೊಟ್ಟಿದ್ದಾನೆ, ನಾನು ತೊಡಿಸಬೇಕಿಲ್ಲ. ಎರಡನೆಯ ಬೀಗ ತಂದೆ. ಕೀಲಿ ಕೇಳಿದ. ಕೊಟ್ಟೆ.

ಫೆಬ್ರವರಿ ೪

ಷರಬತ್ತಿನಮ್ಮ ಬಂದಿದ್ದರು. ಶುಂಠಿ ಷರಬತ್ತಿನ ಕಾರ್ಖಾನೆ ಅವರದು. ಬಾಟಲಿ ಹಡಗು ಹತ್ತಿ ಹೋಗುತ್ತದೆ. ಇಷ್ಟು ವರ್ಷ ನನ್ನ ಕಡೆ ತಿರುಗಿ ನೋಡಿರಲಿಲ್ಲ. ಅವರಿಗೆ ಮಾಲು ಕೊಡುತ್ತಿದ್ದವನು ಅಂಗಡಿ ಮುಚ್ಚಿದ್ದಾನೆ.

“ಮೂವತ್ತು ಮೂಟೆ ಮಾದರಿ ಕಳಿಸಿ. ಸರಿಯಿದ್ರೆ ವರ್ಷಕ್ಕೆ ಆರುನೂರು ಮೂಟೆ ನಿಮ್ಮದೇ. ಒಂದು ಮೂಟೆ ಕೊಳೆ ಸಿಕ್ಕಿದ್ರೂ ಮೂವತ್ತೂ ವಾಪಸ್ಸು, ನೀವೂ ವಾಪಸ್ಸು” ಎಂದರು.

“ಅಮ್ಮಾ, ನನ್ನ ಮೂಗಿನ ಬಗ್ಗೆ ಪೇಟೇಲಿ ಕೇಳಿ.”

“ಕೇಳೇ ಬಂದಿದ್ದೀನಿ.”

ಆರುನೂರು ಮೂಟೆ! ಇದೊಂದು ಕೈಗೆ ಹತ್ತಿದರೆ ಇಪ್ಪತ್ತೆಂಟು ವರ್ಷ ತಲೆ ಸವೆಸಿದ್ದಕ್ಕೂ ಸಾರ್ಥಕ. ತಪ್ಪಿದರೆ ಇನ್ನೂ ಹತ್ತು ವರ್ಷ ಉದ್ದಕೈಗಳ ಹಲ್ಲು ನೋಡುತ್ತ ಕೂರಬೇಕು. ಈ ಹೊತ್ತಿನಲ್ಲೇ ಮನೆಯೊಳಗೆ ಹೆಗ್ಗಣ.

ಫೆಬ್ರವರಿ ೯

ಮೂವತ್ತು ಮೂಟೆ ಲಾರಿಗೆ ಏರಿಸಿದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದೆ. ಆರು ಮೂಟೆಯ ಗಂಟು ನನ್ನದಲ್ಲ! ದಾರ ಕೆಂಪೇ, ಆದರೆ ಸುತ್ತು ಎಡದಿಂದ ಬಂದಿದೆ. ಷಡ್ಡಕ ಎಡಚ. ನನ್ನ ಒಳ್ಳೆಯ ಆರು ಮೂಟೆ ತೆಗೆದು ಎಲ್ಲಿಯದೋ ಕಸ ತುರುಕಿ ನನ್ನ ದಾರ ಕಟ್ಟಿದ್ದಾನೆ. ಕೂಗಬೇಕೆಂದುಕೊಂಡೆ. ಲಾರಿಯವನ ಎದುರು ಕೂಗಿದರೆ ಸುದ್ದಿ ನನಗಿಂತ ಮೊದಲು ಷರಬತ್ತಿನಮ್ಮನನ್ನು ಮುಟ್ಟುತ್ತದೆ. ನುಂಗಿಕೊಂಡೆ.

ಅವನ ಬೈಕು ನಾಲ್ಕು ದಿನದಿಂದ ಕಾಣುತ್ತಿಲ್ಲ. ನಡೆದು ಬರುತ್ತಾನೆ. “ಗ್ಯಾರೇಜಲ್ಲಿದೆ ಅಣ್ಣ.” ಕಳ್ಳನಿಗೆ ಸದ್ದು ಮಾಡುವ ಬೈಕು ಬೇಡ, ಅಷ್ಟೇ.

ಫೆಬ್ರವರಿ ೧೪

ಷರಬತ್ತಿನಮ್ಮನ ಫೋನು.

“ಮೂವತ್ತರಲ್ಲಿ ಇಪ್ಪತ್ನಾಲ್ಕು ಪರವಾಗಿಲ್ಲ. ಆದ್ರೆ ಆರು ಮೂಟೆ ಇತ್ತಲ್ಲ, ಗಂಟು ಸ್ವಲ್ಪ ಬೇರೆ ಥರದ್ದು? ಅದು ಶುಂಠಿ! ಅಂಥದ್ದೇ ಬೇಕು. ಎಲ್ಲಿಂದ ತಂದ್ರಿ?”

“ಅದು... ನಮ್ಮ ಗುಟ್ಟು ಅಮ್ಮಾ” ಎಂದೆ.

ನನಗೇ ಗೊತ್ತಿಲ್ಲದ ಗುಟ್ಟು. ಕದ್ದವನು ಕಸ ತುರುಕುತ್ತಾನೆ, ಬಂಗಾರ ಯಾಕೆ ತುರುಕಿದ? ರಾತ್ರಿಯವರೆಗೂ ಯೋಚಿಸಿದೆ. ಉತ್ತರ ಇದೊಂದೇ: ಷರಬತ್ತಿನಮ್ಮನಿಗೆ ತನ್ನ ರುಚಿ ತೋರಿಸಿ, ನನ್ನ ಬೆನ್ನ ಹಿಂದೆ ತಾನೇ ಮಂಡಿ ಹಾಕುವ ಹಂಚಿಕೆ. ನನ್ನ ಶುಂಠಿಯನ್ನೇ ಬಂಡವಾಳ ಮಾಡಿಕೊಂಡು, ನನ್ನ ಗಿರಾಕಿಗೆ.

ಫೆಬ್ರವರಿ ೧೫

ಬೆಳಿಗ್ಗೆ ಚಹಾ ಬಿಸಿನೀರಿನಂತಿತ್ತು. “ಇವತ್ತೂ ಶುಂಠಿ ಇಲ್ಲ” ಎಂದೆ.

ಹೆಂಡತಿ ಮೆಲ್ಲಗೆ, “ಇವತ್ತು ನಿಜವಾಗ್ಲೂ ಹಾಕಿಲ್ಲ. ನಿನ್ನೆ ಅಂಗೈಯಷ್ಟು ಹಾಕಿದ್ದೆ. ನಿನ್ನೆಗೂ ಇವತ್ತಿಗೂ ನಿಮಗೇನಾದ್ರೂ ವ್ಯತ್ಯಾಸ ಗೊತ್ತಾಯ್ತಾ?” ಎಂದಳು.

ನನ್ನನ್ನು ಪರೀಕ್ಷೆ ಮಾಡುತ್ತಾಳೆ! ಲೋಟ ಗೋಡೆಗೆ ಎಸೆದೆ.

“ಮೂರು ಜನ ಸೇರಿ ನನಗೆ ಟೋಪಿ ಹಾಕ್ತಿದ್ದೀರಿ. ನಿನ್ನ ತಂಗಿ ಸಂಸಾರಾನ ಹಿಂದಿನ ಮನೇಲಿ ಬಾಡಿಗೆ ಇಲ್ದೆ ಇಟ್ಕೊಂಡಿದ್ದೀನಲ್ಲ, ಅದಕ್ಕೆ ಸರಿಯಾದ ಬಹುಮಾನ.”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ. ಆಮೇಲೆ ನುಂಗಕ್ಕಾಗಲ್ಲ.”

ಗಾಜಿನ ಚೂರು ಆರಿಸುವಾಗ ಅವಳ ಕಣ್ಣು ಒದ್ದೆಯಾಗಿದ್ದದ್ದನ್ನು ನೋಡಿದೆ. ಸಿಕ್ಕಿಬಿದ್ದವರು ಅಳುತ್ತಾರೆ.

ಫೆಬ್ರವರಿ ೨೦

ಹದಿನೇಳು. ಮೂರನೆಯ ಬೀಗ.

ಎದುರು ಸಾಲಿನ ಚಹಾದವನಿಂದ ಒಂದು ಸುಳಿವು: ಎರಡು ಮೂರು ದಿನಕ್ಕೊಮ್ಮೆ ಬೆಳಗ್ಗೆ ಆರಕ್ಕೆ ಷಡ್ಡಕ ಕೈಗಾಡಿಯಲ್ಲಿ ಮೂಟೆ ಹಾಕಿಸಿಕೊಂಡು ಹಳೆ ಇಟ್ಟಿಗೆ ಗೂಡಿನ ಕಡೆ ಹೋಗುತ್ತಾನಂತೆ.

ಷರಬತ್ತಿನಮ್ಮ ನಾಡಿದ್ದು ಕರಾರು ಬರೆಯುವುದಕ್ಕೆ ಬರುತ್ತಾರೆ. ಬೇಗ ಬರಲು ಹೇಳಿದ್ದೇನೆ. ಅವರ ಕಣ್ಣೆದುರಿಗೇ ಕಳ್ಳನನ್ನು ಹಿಡಿದರೆ ಎರಡು ಲಾಭ: ಅವನ ಗುಟ್ಟಿನ ಮಂಡಿ ಅಲ್ಲೇ ಮುಗಿಯುತ್ತದೆ, ನನ್ನ ಎಚ್ಚರ ಎಷ್ಟು ಎಂದು ಅವರಿಗೂ ತಿಳಿಯುತ್ತದೆ.

ಫೆಬ್ರವರಿ ೨೨

ಇದನ್ನು ಪೂರ್ತಿ ಬರೆಯುತ್ತೇನೆ. ಅರ್ಧ ಬರೆದರೆ ನಾಳೆ ನಾನೇ ನಂಬುವುದಿಲ್ಲ.

ಆರೂವರೆಗೆ ಬಾಡಿಗೆ ಕಾರಿನಲ್ಲಿ ನಾನು, ಷರಬತ್ತಿನಮ್ಮ. ಗೂಡಿನ ಹಿಂದೆ ಮಣ್ಣು ತೆಗೆದ ದೊಡ್ಡ ಗುಂಡಿ. ಕೈಗಾಡಿ ನಿಂತಿತ್ತು. ಗಾಡಿಯವನು ದೂರದಲ್ಲಿ ಬೆನ್ನು ತಿರುಗಿಸಿ ಕೆಮ್ಮುತ್ತಿದ್ದ. ಷಡ್ಡಕ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನನ್ನ ಕೆಂಪು ದಾರದ ಮೂಟೆಯನ್ನು ಗುಂಡಿಗೆ ಉರುಳಿಸುತ್ತಿದ್ದ.

“ಸಿಕ್ಕಿಬಿದ್ದೆಯಾ!” ಎಂದು ಕೂಗಿ ಗುಂಡಿಗೇ ಇಳಿದೆ. ನಿಜ ಹೇಳಬೇಕೆಂದರೆ ಅವನು ಮಾರುತ್ತಿರಲಿಲ್ಲ, ಎಸೆಯುತ್ತಿದ್ದ ಎನ್ನುವುದು ಆ ಹೊತ್ತಿಗೆ ತಲೆಗೆ ಹತ್ತಲಿಲ್ಲ. ಆಗಷ್ಟೇ ಬಿದ್ದ ಮೂಟೆಯ ಬಾಯಿ ಬಿಚ್ಚಿದೆ. ಕೈಗೆ ಬಂದ ಶುಂಠಿ ನೋಡಲು ದುಂಡಗಿತ್ತು. ಮುರಿದೆ. ಮೂಗಿಗೆ ಹಿಡಿದೆ. ಏನೂ ಕೆಟ್ಟ ವಾಸನೆ ಇಲ್ಲ.

“ನೋಡಿ ಅಮ್ಮಾ! ಮೊದಲ ದರ್ಜೆ ಶುಂಠಿ. ಇದನ್ನ ತಂದು ಗುಂಡೀಲಿ ಮುಚ್ಚಿಡ್ತಾನೆ, ಆಮೇಲೆ ಮಾರೋಕೆ.”

ಷರಬತ್ತಿನಮ್ಮ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಕಾರಿನವರೆಗೂ ಹಿಂದೆ ಸರಿದಿದ್ದರು. ಕಾರಿನ ಡ್ರೈವರ್ ಗಾಜು ಏರಿಸಿಕೊಂಡಿದ್ದ.

ಷಡ್ಡಕ ಬಟ್ಟೆ ಇಳಿಸಿದ. “ಅಣ್ಣ, ಮೇಲೆ ಬನ್ನಿ.”

“ಯಾಕೆ ಬರ್ಲಿ? ಲೆಕ್ಕ ಹೇಳು ಮೊದ್ಲು.”

“ಅಣ್ಣ, ಕಾಲ ಕೆಳಗೆ ನೋಡಿ.”

ನೋಡಿದೆ. ಮೊಣಕಾಲವರೆಗೆ ಕಪ್ಪು ಲೋಳೆಯಲ್ಲಿ ನಿಂತಿದ್ದೆ. ಹಳೆಯ ಮೂಟೆಗಳು ಕೊಳೆತು ಹರಿದು ಒಂದರೊಳಗೊಂದು ಕರಗಿದ್ದವು. ನೊಣಗಳು ಮೋಡದ ಹಾಗೆ. ಎಲ್ಲಕ್ಕೂ ನನ್ನದೇ ಕೆಂಪು ದಾರ, ನನ್ನದೇ ಬಲಗೈ ಗಂಟು.

“ಈ ನಾತ ಗೂಡಿನ ಆ ಕಡೆ ರಸ್ತೆಗೇ ಬರುತ್ತೆ” ಎಂದ ಅವನು. “ನಿಮಗೆ ವಾಸನೆ ಬರ್ತಾನೇ ಇಲ್ಲ ಅಲ್ವಾ ಅಣ್ಣ? ಜ್ವರ ಬಿಟ್ಟಾಗಿನಿಂದ.”

ಬರುತ್ತಿಲ್ಲ. ಆ ಗುಂಡಿಯಲ್ಲಿ ಬರುತ್ತಿಲ್ಲ ಎಂದರೆ ಇನ್ನೆಲ್ಲಿ ಬರುತ್ತದೆ?

ಅಭ್ಯಾಸಬಲ; ಮೇಲೆ ಹತ್ತುವ ಮುನ್ನ ದಾರ ಎಣಿಸಿದೆ. ಹದಿನೆಂಟು. ಇವತ್ತಿನ ಎರಡೂ ಸೇರಿ ಕಾಣೆಯಾದದ್ದು ಹತ್ತೊಂಬತ್ತು.

“ಹೇಳ್ಬಾರ್ದಿತ್ತಾ?” ಎಂದೆ.

“ಮೊದಲ ದಿನವೇ ಹೇಳ್ದೆ. ಕೆಲಸ ಬೇಡ ಅಂದ್ರಿ. ಅಕ್ಕನೂ ಕೈ ಹಿಡ್ಕೊಂಡ್ರು, ಈ ವಿಷಯ ಪೇಟೆಗೆ ಗೊತ್ತಾದ್ರೆ ಎಲ್ಲರೂ ಕೊಳೇನೇ ತಂದು ಸುರೀತಾರೆ ಅಂತ. ಉದ್ದಕೈಗೆ ಹೇಗೋ ಗೊತ್ತಾಗಿಬಿಟ್ಟಿತ್ತು.”

“ಆ ಆರು ಮೂಟೆ?”

“ಮಾದರಿಗೆ ಒಳ್ಳೇದು ಸಾಲ್ತಿರ್ಲಿಲ್ಲ. ಹೊರಗೆ ಕೊಂಡೆ.”

“ದುಡ್ಡು?”

ಅವನು ತನ್ನ ಸವೆದ ಚಪ್ಪಲಿ ನೋಡಿಕೊಂಡ. ಗ್ಯಾರೇಜಿನಲ್ಲಿದ್ದ ಬೈಕು ಎಲ್ಲಿ ಹೋಗಿದೆ ಎಂದು ಆಗ ಗೊತ್ತಾಯಿತು.

ನಾನು ಲೋಳೆ ಮೆತ್ತಿದ ಕಾಲಲ್ಲಿ ಕಾರಿನ ಹತ್ತಿರ ಹೋದೆ. ಮುಚ್ಚಿಡುವುದಕ್ಕೆ ಇನ್ನೇನೂ ಇರಲಿಲ್ಲ. ಯಾರಿಗೆ ತಿಳಿಯಬಾರದಿತ್ತೋ ಅವರನ್ನು ನಾನೇ ಬಾಡಿಗೆ ಕಾರಿನಲ್ಲಿ ಕರೆತಂದಿದ್ದೆ. ಷರಬತ್ತಿನಮ್ಮ ಕರವಸ್ತ್ರದ ಹಿಂದಿನಿಂದ, “ಕಾರು ಹತ್ಬೇಡಿ. ಮೊದಲು ಕಾಲು ತೊಳ್ಕೊಳ್ಳಿ. ಕರಾರಿನ ಮಾತು ಆಮೇಲೆ” ಎಂದು ಹೊರಟುಹೋದರು.

ಕೈಗಾಡಿಯ ಹಿಂದೆ ನಡೆದು ಬಂದೆ. ಷಡ್ಡಕ ಪಕ್ಕದಲ್ಲಿದ್ದ. ಎರಡು ಮೈಲಿ. ಅವನು ಒಂದು ಮಾತೂ ಆಡಲಿಲ್ಲ. ಮಾತು ಕಡಿಮೆ ಇರುವವರು ಕೆಲವೊಮ್ಮೆ ಒಳ್ಳೆಯವರು.

ಫೆಬ್ರವರಿ ೨೩

ಏನೂ ಇಲ್ಲ.

ಫೆಬ್ರವರಿ ೨೫

ಹೆಂಡತಿ ಎಳೆದುಕೊಂಡು ಹೋದಳು. ಡಾಕ್ಟರು ಮೂಗಿಗೆ ದೀಪ ಬಿಟ್ಟು ನೋಡಿ, “ಜ್ವರದಲ್ಲಿ ಹೋಗಿದೆ. ಬರಬಹುದು. ಬರದೆಯೂ ಇರಬಹುದು. ಕಾಯಿರಿ” ಎಂದರು.

ಮನೆಗೆ ಬಂದು ಒಂದೊಂದನ್ನೇ ಹಿಡಿದು ನೋಡಿದೆ. ಸಾಬೂನು. ಸೀಮೆಎಣ್ಣೆ. ನನ್ನದೇ ಹಳೆಯ ಅಂಗಿ. ಹೆಂಡತಿಯ ತಲೆಗೂದಲು.

“ನಿನಗೆ ಯಾವಾಗ ಗೊತ್ತಾಯ್ತು?”

“ಹಾಲು ಸೀದ ದಿನ.”

“ಅವತ್ತು ತಂಗಿ ಮನೇಲಿ ಒಂದು ಗಂಟೆ ಅದೇ ಮಾತಾ?”

“ಅರ್ಧ ಗಂಟೆ ಅತ್ತೆ. ಅರ್ಧ ಗಂಟೆ ಮಾತಾಡ್ದೆ.”

ನಾದಿನಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ನನ್ನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಲೋಟ ಎಸೆದ ದಿನ ನಾನು ಕೂಗಿದ್ದು ಮೂವತ್ತು ಹೆಜ್ಜೆ ದಾಟಿ ಕೇಳಿಸಿತ್ತಂತೆ. ಹಾಕಿದ ಬಾಗಿಲಿಗೇ ಹೇಳಿದೆ: “ತಪ್ಪಾಯ್ತಮ್ಮ.” ಒಳಗಿನಿಂದ, “ಬಾಗಿಲಿಗೆ ಹೇಳಿದ್ದು ಬಾಗಿಲಿಗೆ ಆಯ್ತು. ನನ್ನ ಗಂಡನಿಗೆ ಯಾವಾಗ ಹೇಳ್ತೀರಿ?” ಎಂದು ಕೇಳಿಸಿತು. ನನ್ನ ಹೆಂಡತಿಯ ತಂಗಿಯೇ ಸರಿ.

ಮಾರ್ಚ್ ೧

ಷಡ್ಡಕನಿಗೆ ‘ತಪ್ಪಾಯ್ತು’ ಎಂದು ಹಮಾಲಿಗಳ ಎದುರಿಗೇ ಹೇಳಿದೆ. ಅವತ್ತು ಅವರ ಎದುರಿಗೇ ತಾನೆ ಗದರಿದ್ದು.

ಮಧ್ಯಾಹ್ನ ಷರಬತ್ತಿನಮ್ಮ ಬಂದರು. ನಾನೇ ಮೊದಲು ಬಾಯಿ ಬಿಟ್ಟೆ: “ಅಮ್ಮಾ, ನನ್ನ ಮೂಗು ಹೋಗಿದೆ. ಕರಾರು ಬೇಡ ಅಂದ್ರೂ ಬೇಜಾರಿಲ್ಲ.” ಬೇಜಾರಿತ್ತು, ಬಹಳ ಇತ್ತು.

“ಮೂಗು ಯಾರದಾದ್ರೆ ನನಗೇನು? ಮೂಟೆ ಸರಿಯಿರ್ಬೇಕು. ಹದಿನೆಂಟು ಮೂಟೆ ಬಾಯಿ ಮುಚ್ಕೊಂಡು ಗುಂಡಿಗೆ ಎಸೆಯೋ ಗೋದಾಮು ನಾನು ಎಲ್ಲೂ ನೋಡಿಲ್ಲ. ನನಗೆ ಎಡಗೈ ಗಂಟು ಕಾಣ್ಬೇಕು, ಅಷ್ಟೇ.”

ಕೆಂಪು ದಾರದ ಉಂಡೆಯನ್ನು ಷಡ್ಡಕನ ಕೈಗೆ ಕೊಟ್ಟೆ. ಅವನು ಮೂಟೆಯ ಬಾಯಿ ಬಿಚ್ಚಿ, ಶುಂಠಿ ಮುರಿದು, ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ನಾನು ಪಕ್ಕದಲ್ಲಿ ನಿಂತು ಮುರಿದ ಸದ್ದು ಕೇಳಿಸಿಕೊಂಡೆ. ಬಲಿತದ್ದು ಒಂದು ಥರ ಮುರಿಯುತ್ತದೆ, ಎಳೆಯದು ಇನ್ನೊಂದು ಥರ. ಇಪ್ಪತ್ತೆಂಟು ವರ್ಷ ಇದನ್ನು ಕೇಳಿಸಿಕೊಂಡೇ ಇರಲಿಲ್ಲ.

ಮಾರ್ಚ್ ೩

ಯಾರಿಗೆ ಏನು ಸಿಕ್ಕಿತು:

ಷರಬತ್ತಿನಮ್ಮನಿಗೆ ವರ್ಷಕ್ಕೆ ಆರುನೂರು ಮೂಟೆ.

ಷಡ್ಡಕನಿಗೆ ದಾರದ ಉಂಡೆ, ಮಂಡಿಯಲ್ಲಿ ಕಾಲು ಪಾಲು. ಬೈಕು ಕೊಂಡವನು ಅದನ್ನು ಹಿಂದಕ್ಕೆ ಕೊಡಲು ಒಪ್ಪಿಲ್ಲ, ಹೊಸದು ನೋಡುತ್ತಿದ್ದೇವೆ.

ಉದ್ದಕೈಗೆ ಇಷ್ಟು ದಿನದ ಲಾಭ, ಇವತ್ತು ಬೆಳಿಗ್ಗೆ ಆರು ಮೂಟೆ ವಾಪಸ್ಸು. “ಧಣಿ, ನೀವೇ ನೋಡ್ತಿದ್ರಲ್ಲಾ?” ಎಂದ. “ಈಗ ಇವನು ನೋಡ್ತಾನೆ. ನನಗಿಂತ ಇವನು ಅನ್ಯಾಯ” ಎಂದೆ.

ನಾದಿನಿಗೆ ಅವಳು ಕೇಳಿದ್ದು ಸಿಕ್ಕಿತು. ನಿನ್ನೆಯಿಂದ ಮಾತಾಡುತ್ತಿದ್ದಾಳೆ, ಹದಿನೈದು ದಿನದ್ದೆಲ್ಲ ಸೇರಿಸಿ.

ಹೆಂಡತಿಗೆ ಹೊಸ ಲೋಟ. ಚಹಾ ಕೊಡುವಾಗ “ಇವತ್ತು ಹಾಕಿದ್ದೀನಿ” ಎನ್ನುತ್ತಾಳೆ. ನಂಬುತ್ತೇನೆ.

ನನಗೆ ಒಂದು ಸ್ಟೂಲು, ಷಡ್ಡಕನ ಎಡಗಡೆ.

ಹತ್ತೊಂಬತ್ತನೆಯ ಮೂಟೆ ಗುಂಡಿಯಲ್ಲೂ ಇಲ್ಲ, ಗೋದಾಮಿನಲ್ಲೂ ಇಲ್ಲ. ಯಾರಿಗೋ ಸಿಕ್ಕಿದೆ. ಕೇಳಿಲ್ಲ.